ಲೆವೆಲ್ 1ಕ್ಕೆ ಯಾವ ರಾಕೆಟ್ ಕಿಟ್ ತಗೊಳ್ಳಲಿ? ಮೊದಲ ಎಚ್ ಮೋಟರ್ ಬಗ್ಗೆ ಸಲಹೆ ಬೇಕು

ಕಾವೇರಿತೀರ_ಫ್ರೀಮಾಂಟ್
ಎಲ್ಲರಿಗೂ ನಮಸ್ಕಾರ. ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮಗಳಿಗೆ 15 ವರ್ಷ. ಇಬ್ಬರೂ ಎಸ್ಟೀಸ್ ಕಂಪನಿಯ ಪುಟ್ಟ ರಾಕೆಟ್‌ಗಳಿಂದ ಶುರು ಮಾಡಿ, ಎ, ಬಿ ಅಂತ ಏರೋ ಮೋಟರ್ ಶಕ್ತಿಯ ವರ್ಗಗಳಲ್ಲಿ ಈಗ ಎಫ್, ಜಿವರೆಗೆ ಬಂದಿದ್ದೇವೆ. ಮುಂದಿನ ಹೆಜ್ಜೆ ಹೈ ಪವರ್, ಅಂದರೆ ಎಚ್‌ನಿಂದ ಮೇಲಿನ ದೊಡ್ಡ ಮೋಟರ್. ಇಲ್ಲಿನ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ (ಎನ್‌ಎಆರ್) ಸದಸ್ಯತ್ವ ಇದೆ, ಅದರ ಮೊದಲ ಹಂತದ ಲೆವೆಲ್ 1 ಪ್ರಮಾಣಪತ್ರಕ್ಕೆ ಹಾರಿಸಬೇಕು ಅಂತಿದೀನಿ.

ಕಿಟ್ ವಿಷಯದಲ್ಲೇ ತಲೆ ಕೆಟ್ಟಿದೆ. ಲಾಕ್ ಪ್ರಿಸಿಷನ್‌ನ ಲಾಕ್-4, ಅಪೋಜಿಯ ಜೆಫೈರ್, ಎಸ್ಟೀಸ್‌ನ ಮೆಗಾ ಡೆರ್ ರೆಡ್ ಮ್ಯಾಕ್ಸ್, ಈ ಮೂರರಲ್ಲಿ ಒಂದು ಅಂತ ಇದ್ದೆ. ಇಲ್ಲಿನ ಗೆಳೆಯರೊಬ್ಬರು ‘ರಟ್ಟಿನ ರಾಕೆಟ್ ಯಾಕೆ, ನೇರ ಫೈಬರ್‌ಗ್ಲಾಸ್ ತಗೊಳ್ಳಿ, ಮುಂದೆ ಲೆವೆಲ್ 2ಕ್ಕೂ ಅದೇ ಆಗುತ್ತೆ’ ಅಂತಾರೆ. ಮೋಟರ್ ಒಮ್ಮೆ ಬಳಸಿ ಎಸೆಯೋದಾ, ಇಂಧನ ತುಂಬಿ ಮತ್ತೆ ಬಳಸೋ ರೀಲೋಡಾ? ಎತ್ತರ ಅಳೆಯೋ ಯಂತ್ರ ಬೇಕಾ? ಅನುಭವ ಇರೋರು ಹೇಳಿ.

ರೈಲ್‌ಬಟನ್_ರೀನೋ
ಲಾಕ್-4. ಕಣ್ಣು ಮುಚ್ಚಿ ತಗೊಳ್ಳಿ.

ಸುಳ್ಯದವಳು
ಕಣ್ಣು ಮುಚ್ಚಿ ಬೇಡ ಮಾರಾಯ್ರೆ, ಕಾರಣ ಗೊತ್ತಿದ್ದು ತಗೊಳ್ಳಲಿ.

ಕಾವೇರಿತೀರ ಅವರೇ, ಲೆವೆಲ್ 1 ಅಂದರೆ ಎಚ್ ಅಥವಾ ಐ ಮೋಟರ್. ಒಟ್ಟು ಇಂಪಲ್ಸ್, ಅಂದರೆ ಮೋಟರ್ ಉರಿಯುವಷ್ಟು ಹೊತ್ತೂ ಕೊಡುವ ಒತ್ತಿನ ಮೊತ್ತ, 160ರಿಂದ 640 ನ್ಯೂಟನ್-ಸೆಕೆಂಡ್ ನಡುವೆ. ನೀವೇ ಕಟ್ಟಿದ ರಾಕೆಟ್ ಮೇಲೆ ಹೋಗಬೇಕು, ಪ್ಯಾರಾಚೂಟ್ ಬಿಚ್ಚಬೇಕು, ಮತ್ತೆ ಹಾರಿಸಬಹುದಾದ ಸ್ಥಿತಿಯಲ್ಲಿ ವಾಪಸ್ ಬರಬೇಕು. ಎಷ್ಟು ಎತ್ತರ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ನಿಮಗೆ ಬೇಕಾದದ್ದು ದಪ್ಪಗಿರುವ, ನಿಧಾನ ಹೋಗುವ, ಮೇಲಿದ್ದಾಗಲೂ ಕಣ್ಣಿಗೆ ಕಾಣುವ ರಾಕೆಟ್. 4 ಇಂಚಿನ ಟ್ಯೂಬಿಗೆ ಗಾಳಿಯ ತಡೆ ಜಾಸ್ತಿ. ಅದೇ ಎಚ್ ಮೋಟರನ್ನು ಎರಡು ಇಂಚಿನ ಸಪೂರ ರಾಕೆಟ್ಟಿಗೆ ಹಾಕಿದರೆ ಎಲ್ಲಿಯೋ ಹೋಗಿ ಮಾಯ ಆಗುತ್ತದೆ. ಸಿಗದಿದ್ದರೆ ಪ್ರಮಾಣಪತ್ರವೂ ಇಲ್ಲ.

ಜೆಫೈರ್ ಕೂಡ 4 ಇಂಚೇ, 38 ಮಿ.ಮೀ. ಮೋಟರ್ ಮೌಂಟ್ (ಮೋಟರ್ ಕೂರುವ ಕೊಳವೆ). ಅದನ್ನು ಮಾಡಿದ್ದೇ ಲೆವೆಲ್ 1ರವರಿಗಾಗಿ. ಕಟ್ಟುವ ಸೂಚನೆಗಳು ವಿವರವಾಗಿ ಉಂಟು, ಮಗಳ ಜೊತೆ ಕೂತು ಮಾಡಲಿಕ್ಕೆ ನನಗೆ ಅದೇ ಹೆಚ್ಚು ಇಷ್ಟ.

ಧಾರವಾಡ_ಡಲ್ಲಾಸ್
ಅಕ್ಕಾರು ಹೇಳಿದ್ದು ಖರೇ ಅದ. ಫೈಬರ್‌ಗ್ಲಾಸ್ ಸಲುವಾಗಿ ನಂದೊಂದು ಮಾತು. ಅದು ಗಟ್ಟಿ, ನಾನೂ ಒಪ್ತೇನಿ. ಆದ್ರ ಗಟ್ಟಿ ಅಂದ್ರ ಭಾರ. ಭಾರ ಆದ್ರ ದೊಡ್ಡ ಪ್ಯಾರಾಚೂಟ್ ಬೇಕು, ದೊಡ್ಡ ಮೋಟರ್ ಬೇಕು. ಅದನ್ನ ಉಜ್ಜುಮುಂದ ಬರೋ ಧೂಳು ಪುಪ್ಪುಸಕ್ಕ ಭಾಳ ಕೆಟ್ಟದ್ದು, ಮಾಸ್ಕ್ ಇಲ್ಲದ ಮುಟ್ಟಬ್ಯಾಡ್ರಿ. ಮನ್ಯಾಗ ಮಕ್ಕಳ ಜೋಡಿ ಕಟ್ಟೋರು ರಟ್ಟು, ಪ್ಲೈವುಡ್ ಹಿಡೀರಿ.

ಮ್ಯಾಕ್1_ಹುಡುಗ
ಎಲ್ಲರೂ ಹೀಗೆ ಹೆದರಿಸಿದರೆ ಹೇಗೆ? ನಾನು ಲೆವೆಲ್ 1 ಮಾಡಿದ್ದೇ 3 ಇಂಚಿನ ಫೈಬರ್‌ಗ್ಲಾಸ್ ರಾಕೆಟ್‌ನಲ್ಲಿ, ಐ ಮೋಟರ್ ಹಾಕಿ. ಒಂದು ಗೀರೂ ಇಲ್ಲದೆ ಇಳಿಯಿತು. ರಟ್ಟಿನದ್ದು ಒದ್ದೆ ನೆಲಕ್ಕೆ ಬಿದ್ದರೆ ಉಬ್ಬುತ್ತೆ, ಪ್ಯಾರಾಚೂಟ್ ಕಟ್ಟಿರೋ ಹಗ್ಗ (ಶಾಕ್ ಕಾರ್ಡ್) ಎಳೆದರೆ ಟ್ಯೂಬಿನ ಅಂಚು ಸೀಳುತ್ತೆ. ಒಂದೇ ಸಲ ಒಳ್ಳೇದು ತಗೊಂಡರೆ ಲೆವೆಲ್ 2ವರೆಗೂ ಬರುತ್ತೆ. ದುಡ್ಡು ಉಳಿತಾಯ.

ರೈಲ್‌ಬಟನ್_ರೀನೋ
ಮ್ಯಾಕ್1, ನೀನು ಹಾರಿಸಿದ್ದು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಸಪಾಟು, ಒಂದು ಗಿಡ ಇಲ್ಲ. ಎರಡು ಮೈಲಿ ಆಚೆ ಬಿದ್ದರೂ ಗಾಡಿ ತಗೊಂಡು ಹೋಗಿ ಎತ್ಕೊಂಡು ಬರಬಹುದು. ಇವರು ಹಾರಿಸೋದು ಬಹುಶಃ ಸ್ಟಾಕ್ಟನ್ ಪೂರ್ವಕ್ಕೆ, ಫಾರ್ಮಿಂಗ್ಟನ್ ಹತ್ತಿರದ ಸ್ನೋ ರಾಂಚ್‌ನಲ್ಲಿ, ಲೂನಾರ್ ಕ್ಲಬ್‌ನವರ ಜೊತೆ. ದನ ಮೇಯೋ ಗುಡ್ಡಗಾಡು ಅದು. ಗುಡ್ಡದ ಆಚೆ ಇಳಿದರೆ ಹುಡುಕೋದೇ ಒಂದು ದಿನದ ಕೆಲಸ. ಮೈದಾನ ನೋಡಿ ರಾಕೆಟ್ ಆರಿಸಬೇಕು.

ಕಾವೇರಿತೀರ_ಫ್ರೀಮಾಂಟ್
ಹೌದು ಸರ್, ಸ್ನೋ ರಾಂಚ್‌ನಲ್ಲೇ. ಗುಡ್ಡದ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್. ಹಾಗಾದರೆ ಫೈಬರ್‌ಗ್ಲಾಸ್ ಬಿಟ್ಟೆ. ಈಗ ಮೋಟರ್ ಹೇಳಿ. 38 ಮಿ.ಮೀ. ಮೌಂಟ್ ಇದ್ದರೆ 38ರ ಮೋಟರನ್ನೇ ಹಾಕಬೇಕಾ?

ಸುಳ್ಯದವಳು
ಬೇಕಿಲ್ಲ. 38ರಿಂದ 29ಕ್ಕೆ ಇಳಿಸುವ ಅಡಾಪ್ಟರ್ ಸಿಗುತ್ತದೆ. 29 ಮಿ.ಮೀ.ಯಲ್ಲಿ ಒಳ್ಳೊಳ್ಳೆ ಎಚ್ ಮೋಟರ್ ಉಂಟು. ಏರೋಟೆಕ್ ಕಂಪನಿಯ ಎಚ್135-14 ಇಟ್ಟುಕೊಂಡು ಲೆಕ್ಕ ಹಾಕುವ.

ಹೆಸರಿನಲ್ಲೇ ಅರ್ಧ ವಿಷಯ ಉಂಟು. ಎಚ್ ಅಂದರೆ 160ರಿಂದ 320 ನ್ಯೂಟನ್-ಸೆಕೆಂಡ್ ವರ್ಗ. 135 ಅಂದರೆ ಸರಾಸರಿ 135 ನ್ಯೂಟನ್ ಒತ್ತು. ಆಮೇಲೆ ಬರುವ 14 ಅಂದರೆ ಮೋಟರ್ ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಹೊರತಳ್ಳುವ ಮದ್ದು ಸಿಡಿಯಲಿಕ್ಕೆ 14 ಸೆಕೆಂಡ್. ಅದನ್ನು ಕೊರೆದು ಕಮ್ಮಿ ಮಾಡಬಹುದು.

ನಿಮ್ಮ ರಾಕೆಟ್ ಮೋಟರ್ ಸಮೇತ 1.55 ಕಿಲೋ ಅಂತ ಇಟ್ಟುಕೊಳ್ಳಿ. ತೂಕ ಸುಮಾರು 15 ನ್ಯೂಟನ್. 135ನ್ನು 15ರಿಂದ ಭಾಗಿಸಿದರೆ 9. ಕಮ್ಮಿ ಎಂದರೆ 5 ಇರಬೇಕು, ಇಲ್ಲದಿದ್ದರೆ ರಾಕೆಟ್ ಜಾರಿ ಮೇಲೇರುವ ಕಂಬಿ (ರೈಲ್) ಬಿಡುವಾಗ ವೇಗ ಸಾಲದೆ ಗಾಳಿಗೆ ಓಲುತ್ತದೆ. ಇಲ್ಲಿ ಧಾರಾಳ ಆಯಿತು. ಎತ್ತರ ನನ್ನ ಅಂದಾಜಿನಲ್ಲಿ 1,400 ಅಡಿ. ಉರಿದು ಮುಗಿದ ಮೇಲೆ ತುದಿ ತಲುಪಲಿಕ್ಕೆ ಏಳೂವರೆ ಸೆಕೆಂಡ್ ಆಸುಪಾಸು. 14ರಿಂದ 6 ಕೊರೆದು 8 ಮಾಡಿಕೊಳ್ಳಿ.

ಇನ್ನು ಇಳಿಯುವುದು. 36 ಇಂಚಿನ ಪ್ಯಾರಾಚೂಟ್‌ನಲ್ಲಿ ಈ ತೂಕ ಸೆಕೆಂಡಿಗೆ 20 ಅಡಿಯಂತೆ ಇಳಿಯುತ್ತದೆ. 1,400 ಅಡಿಗೆ 70 ಸೆಕೆಂಡ್. ಗಾಳಿ ಗಂಟೆಗೆ 10 ಮೈಲಿ, ಅಂದರೆ ಸೆಕೆಂಡಿಗೆ ಸುಮಾರು 15 ಅಡಿ. ಸಾವಿರದ ಐವತ್ತು ಅಡಿ ಆಚೆ ಹೋಗಿ ಬೀಳುತ್ತದೆ. ನಡೆದುಕೊಂಡು ಹೋಗಿ ತರಬಹುದು. ಅದೇ ಐ ಮೋಟರ್ ಹಾಕಿ 3,000 ಅಡಿ ಕಳಿಸಿದರೆ 2,250 ಅಡಿ. ಗುಡ್ಡ ದಾಟಿತು.

ಇದೆಲ್ಲ ನನ್ನ ಕೈಲೆಕ್ಕ. ಓಪನ್‌ರಾಕೆಟ್ ಅಂತ ಉಚಿತ ತಂತ್ರಾಂಶ ಉಂಟು. ಕಟ್ಟಿ ಮುಗಿದ ಮೇಲೆ ನಿಜವಾದ ತೂಕ ತಕ್ಕಡಿಯಲ್ಲಿ ನೋಡಿ ಅದರಲ್ಲಿ ಹಾಕಿ. ಕಿಟ್ ಡಬ್ಬದ ಮೇಲಿನ ತೂಕ ನಂಬಬೇಡಿ. ಅಂಟು, ಬಣ್ಣ ಸೇರಿ ಯಾವಾಗಲೂ ಹೆಚ್ಚೇ ಆಗುತ್ತದೆ.

ಹೊಸಬ_ಆಸ್ಟಿನ್
ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಮೇಡಂ. ಸೇವ್ ಮಾಡ್ಕೊಂಡೆ.

ಮ್ಯಾಕ್1_ಹುಡುಗ
ಲೆಕ್ಕ ಸರಿ. ಆದರೆ ಡಿಲೇ, ಅಂದರೆ ಮದ್ದು ಸಿಡಿಯೋಕೆ ಕಾಯೋ ಸಮಯದ ವಿಷಯದಲ್ಲಿ ಒಂದು ಮಾತು. ಕಾರ್ಖಾನೆಯಿಂದ ಬಂದ ಮೋಟರಲ್ಲೂ ಆ ಸಮಯ ಶೇಕಡಾ 20ರಷ್ಟು ಆಚೀಚೆ ಆಗಬಹುದು. 8 ಅಂತ ಕೊರೆದದ್ದು ಒಂಬತ್ತೂವರೆಗೆ ಸಿಡಿದರೆ ಅಷ್ಟರಲ್ಲಿ ರಾಕೆಟ್ ಮೂಗು ಕೆಳಗೆ ಮಾಡಿ ವೇಗ ಹಿಡಿದಿರುತ್ತೆ, ಟ್ಯೂಬ್ ಸೀಳೋದು ಆಗಲೇ. ಹಾಗಾಗಿ ಎತ್ತರ ಅಳೆಯೋ ಆಲ್ಟಿಮೀಟರ್ ಹಾಕಿ, ತುದಿಯಲ್ಲಿ ಅದೇ ಸಿಡಿಸಲಿ ಅನ್ನೋದು ನನ್ನ ವಾದ.

ರೈಲ್‌ಬಟನ್_ರೀನೋ
ಬೇಡ. ಮೊದಲ ಹಾರಾಟಕ್ಕೆ ಬೇಡವೇ ಬೇಡ. ಬ್ಯಾಟರಿ, ಸ್ವಿಚ್, ವೈರು, ಕಪ್ಪು ಮದ್ದಿನ ಅಳತೆ, ಗಾಳಿ ತೂತು, ಇಷ್ಟರಲ್ಲಿ ಯಾವುದು ಕೈಕೊಟ್ಟರೂ ರಾಕೆಟ್ ನೆಲಕ್ಕೆ ನೆಟ್ಟಗೆ. ಮೋಟರಿನ ಮದ್ದೇ ಪ್ಯಾರಾಚೂಟ್ ತಳ್ಳೋದಕ್ಕೆ (ಮೋಟರ್ ಎಜೆಕ್ಷನ್) ನಿಯಮದಲ್ಲೇ ಅವಕಾಶ ಇದೆ. ಎತ್ತರ ತಿಳ್ಕೊಳ್ಳೋ ಆಸೆ ಇದ್ದರೆ ಬರೀ ದಾಖಲಿಸೋ ಆಲ್ಟಿಮೀಟರ್ ಇಡಿ, ಅದಕ್ಕೆ ಬೇರೆ ಜವಾಬ್ದಾರಿ ಕೊಡಬೇಡಿ.

ಗಾಳಿಗೆ ದೂರ ಹೋಗೋ ಭಯ ಇದ್ದರೆ ಜಾಲಿ ಲಾಜಿಕ್‌ನ ಚೂಟ್ ರಿಲೀಸ್ ನೋಡಿ. ಮಡಚಿದ ಪ್ಯಾರಾಚೂಟ್ ಸುತ್ತ ರಬ್ಬರ್ ಬ್ಯಾಂಡ್ ಕಟ್ಟಿರುತ್ತೆ, ನೀವು ಹೇಳಿದ ಎತ್ತರಕ್ಕೆ ಇಳಿದಾಗ ಬಿಡುತ್ತೆ. 1,400 ಅಡಿಗೆ ಅದೂ ಅಗತ್ಯ ಇಲ್ಲ ಅನ್ನಿ.

ಧಾರವಾಡ_ಡಲ್ಲಾಸ್
ರೀಲೋಡ್ ಸಲುವಾಗಿ ಕೇಳಿದ್ರಲ್ಲ ಸರ್, ಅದಕ್ಕ ಯಾರೂ ಉತ್ತರ ಕೊಡಲಿಲ್ಲ. ನಾ ಹೇಳ್ತೇನಿ. ಒಮ್ಮೆ ಬಳಸಿ ಒಗೆಯೋ ಮೋಟರ್ ತಗೊಂಡ್ರ ಜೋಡಣೆ ಕೆಲಸ ಇಲ್ಲ. ಡಿಲೇ ಕೊರೀರಿ, ಮದ್ದು ಹಾಕ್ರಿ, ಮುಗೀತು. ರೀಲೋಡ್‌ನ್ಯಾಗ ಅಲ್ಯೂಮಿನಿಯಂ ಕೇಸು, ಓ-ರಿಂಗು, ಗ್ರೀಸು ಎಲ್ಲಾ ಇರತಾವ. ಕಲಿಯೋದು ಭಾಳ ಅದರಾಗ. ನೀವು ವರ್ಷಾ ಪೂರ್ತಿ ಹಾರಸ್ತೀರಿ ಅಂದ್ರ ಕೇಸು ತಗೊಳ್ಳೋದ ಲಾಭ. ಮೊದಲನೇ ಹಾರಾಟಕ್ಕ ಒಗೆಯೋದ ಛಲೋ. ಕ್ಲಬ್ಬಿನ್ಯಾಗ ಯಾರರ ಹಿರಿಯರು ಕೇಸು ಕೈಗಡ ಕೊಟ್ಟು ಬಾಜೂಕ ಕುಂತು ತೋರಸ್ತಾರಂದ್ರ ಆ ಮಾತು ಬ್ಯಾರೆ.

ಮತ್ತ ಮೋಟರ್ ಮನಿಗೆ ತರಿಸಬ್ಯಾಡ್ರಿ, ಅಪಾಯಕಾರಿ ಸಾಮಾನಂತ ಹೆಚ್ಚಿನ ಶುಲ್ಕ ಹಾಕತಾರ. ಮೊದಲ ಮಾತಾಡಿ ಇಟ್ಟು, ಹಾರಿಸೋ ದಿನ ಮೈದಾನದಾಗ ವ್ಯಾಪಾರಿ ಕಡೆ ತಗೊಳ್ರಿ.

ಮಲೆನಾಡಿಗ
ನಾನು ಶಿವಮೊಗ್ಗದಲ್ಲಿ ಇರೋದು, ರಾಕೆಟ್ ಹಾರಿಸಿಲ್ಲ, ಆದರೆ ಈ ಚರ್ಚೆ ಓದ್ತಾ ಕೂತಿದ್ದೇನೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯೊಂದರ ಮಣ್ಣು ತೆಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಸಿಕ್ಕವಲ್ಲ, ಅವನ್ನ ಇಲ್ಲಿನ ಶಿವಪ್ಪ ನಾಯಕನ ಅರಮನೆ ಮ್ಯೂಸಿಯಂನಲ್ಲಿ ನೋಡಿದ್ದೇನೆ. ಅಂಗೈ ಅಗಲದ ರೆಕ್ಕೆ ಕೂಡ ಇಲ್ಲ ಅವಕ್ಕೆ. ಹೇಗೆ ನೆಟ್ಟಗೆ ಹೋಗ್ತಿದ್ದವು?

ಸುಳ್ಯದವಳು
ಒಳ್ಳೆ ಪ್ರಶ್ನೆ. ಅವಕ್ಕೆ ಉದ್ದದ ಬಿದಿರು ಕಟ್ಟುತ್ತಿದ್ದರು. ರಾಕೆಟ್ ಸ್ಥಿರವಾಗಿ ಹೋಗಬೇಕಾದರೆ ತೂಕದ ಕೇಂದ್ರ ಮುಂದೆ, ಗಾಳಿಯ ಒತ್ತಡದ ಕೇಂದ್ರ ಹಿಂದೆ ಇರಬೇಕು. ಹಿಂದಕ್ಕೆ ಚಾಚಿದ ಬಿದಿರು ಒತ್ತಡದ ಕೇಂದ್ರವನ್ನು ತುಂಬ ಹಿಂದೆ ಎಳೆಯುತ್ತದೆ. ನಮ್ಮ ಫಿನ್ (ಬಾಲದ ರೆಕ್ಕೆ) ಮಾಡುವ ಕೆಲಸವೂ ಅದೇ. ಇವತ್ತಿನ ನಿಯಮ ಏನೆಂದರೆ ಎರಡರ ನಡುವೆ ಕನಿಷ್ಠ ಒಂದು ಟ್ಯೂಬಿನ ಅಡ್ಡಳತೆಯಷ್ಟು ಅಂತರ, 4 ಇಂಚಿನ ರಾಕೆಟ್ಟಿಗೆ 4 ಇಂಚು. ಮೋಟರ್ ಹಾಕಿದ ಮೇಲೆ ನೋಡಬೇಕು, ಖಾಲಿ ರಾಕೆಟ್ಟಿನಲ್ಲಿ ಅಲ್ಲ.

ಮಣಿಪಾಲ್_ಹಳಬ
ಟಿಪ್ಪು ಒಬ್ಬನ ಹೆಸರೇ ಯಾಕೆ? ಹೈದರಾಲಿ ಕಾಲದಲ್ಲೇ ಮೈಸೂರು ಸೈನ್ಯದಲ್ಲಿ ರಾಕೆಟ್ ಪಡೆ ಇತ್ತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಬಳಸಿದ್ದರು. ಬಿದಿರು, ಕಾಗದದ ಕೊಳವೆ ಬಿಟ್ಟು ಕಬ್ಬಿಣದ ಕೊಳವೆ ಬಳಸಿದ್ದರಿಂದಲೇ ಒಳಗಿನ ಒತ್ತಡ ತಡೆದು ದೂರ ಹೋಗುತ್ತಿದ್ದವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋದ ಮಾದರಿಗಳಿಂದ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ.

ಮ್ಯಾಕ್1_ಹುಡುಗ
ಮತ್ತೆ ಇತಿಹಾಸ ಶುರುವಾಯ್ತು. ಅವರು ಕಿಟ್ ಕೇಳಿದ್ದು.

ಮಣಿಪಾಲ್_ಹಳಬ
ಕಬ್ಬಿಣದ ವಿಷಯ ಕಿಟ್‌ಗೂ ಸಂಬಂಧ ಇದೆ. ನಮ್ಮ ಹವ್ಯಾಸದಲ್ಲಿ ರಾಕೆಟ್ಟಿನ ಮೈಗೆ ಕಾಗದ, ಮರ, ಪ್ಲಾಸ್ಟಿಕ್, ಫೈಬರ್‌ಗ್ಲಾಸ್ ಇಂಥ ಹಗುರ ವಸ್ತುಗಳೇ ಇರಬೇಕು, ಅಗತ್ಯ ಬಿದ್ದರೆ ಮಾತ್ರ ಬಾಗುವಂಥ ಲೋಹ ಅನ್ನೋದು ಸುರಕ್ಷತಾ ನಿಯಮದ ಮೊದಲ ಸಾಲುಗಳಲ್ಲೇ ಇದೆ. ಸಿಡಿದರೆ ಚೂರುಗಳು ಹಾರಿ ಯಾರಿಗೂ ತಾಗಬಾರದು ಅಂತ.

ಹೊಸಬ_ಆಸ್ಟಿನ್
ನನ್ನದೂ ಒಂದು ಪ್ರಶ್ನೆ. ಸ್ನೇಹಿತರ 40 ಎಕರೆ ಜಮೀನಿದೆ. ಕ್ಲಬ್ ಬಿಟ್ಟು ಅಲ್ಲೇ ಎಚ್ ಹಾರಿಸಬಹುದಾ?

ರೈಲ್‌ಬಟನ್_ರೀನೋ
ಇಲ್ಲ. ರಾಕೆಟ್ ಒಂದೂವರೆ ಕಿಲೋ ದಾಟಿದರೆ ಅಥವಾ ಇಂಧನ 125 ಗ್ರಾಂ ದಾಟಿದರೆ ವಿಮಾನಯಾನ ಇಲಾಖೆಯ ಅನುಮತಿ ಬೇಕು. ಕ್ಲಬ್‌ಗಳು ಅದನ್ನ ಮೊದಲೇ ತೆಗೆದಿಟ್ಟಿರುತ್ತವೆ. ಅಷ್ಟೇ ಅಲ್ಲ, ಪ್ರಮಾಣಪತ್ರದ ಹಾರಾಟಕ್ಕೆ ಅರ್ಹತೆ ಇರೋ ಸಾಕ್ಷಿ ಬೇಕು. ಒಬ್ಬರೇ ಜಮೀನಿನಲ್ಲಿ ಹಾರಿಸಿದರೆ ಯಾರು ಸಹಿ ಹಾಕ್ತಾರೆ? ಟೆಕ್ಸಸ್‌ನಲ್ಲಿ ಒಳ್ಳೊಳ್ಳೆ ಕ್ಲಬ್ ಇವೆ, ಅಲ್ಲಿ ಹೋಗಿ.

ಮಲೆನಾಡಿಗ
ಇಲ್ಲಿ ಕರ್ನಾಟಕದಲ್ಲಿ ಇಂಥದ್ದು ಆಗುತ್ತಾ? ಅಲ್ಲಿಂದ ಬರುವಾಗ ಒಂದು ಕಿಟ್, ಎರಡು ಮೋಟರ್ ತನ್ನಿ ಅಂತ ಅಣ್ಣನಿಗೆ ಹೇಳಲಾ? ಚಿತ್ರದುರ್ಗದ ಕಡೆ ಬಯಲು ಬೇಕಾದಷ್ಟಿದೆ.

ಮಣಿಪಾಲ್_ಹಳಬ
ದಯವಿಟ್ಟು ಹಾಗೆ ಹೇಳಬೇಡಿ. ಮೋಟರ್ ಪ್ರಯಾಣಿಕರ ವಿಮಾನದಲ್ಲಿ ತರುವಂತೆಯೇ ಇಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಲ್ಲೂ ಇಲ್ಲ. ಭಾರತದಲ್ಲಿ 1884ರ ಸ್ಫೋಟಕ ಕಾಯ್ದೆ, 2008ರ ನಿಯಮಗಳ ಕೆಳಗೆ ಲೈಸೆನ್ಸ್ ಇಲ್ಲದೆ ಇಂಥ ಇಂಧನ ಮಾಡೋದು, ಇಟ್ಟುಕೊಳ್ಳೋದು ಅಪರಾಧ. ಯೂಟ್ಯೂಬ್ ನೋಡಿ ಅಡುಗೆಮನೆಯಲ್ಲಿ ಸಕ್ಕರೆ ಇಂಧನ ಕಾಯಿಸುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತೆ. ಬೆರಳು, ಕಣ್ಣು ಹೋದರೆ ವಾಪಸ್ ಬರಲ್ಲ.

ದಾರಿ ಇಲ್ಲ ಅಂತಲ್ಲ. ಕಾಲೇಜು ತಂಡ ಸೇರಬೇಕು. ಮಣಿಪಾಲದ ಥ್ರಸ್ಟ್‌ಎಂಐಟಿ ತಂಡ ಅಮೆರಿಕದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್‌ಗೆ ರಾಕೆಟ್ ಕಟ್ಟಿಕೊಂಡು ಹೋಗಿದೆ, ಅದು 10,000 ಅಡಿ, 30,000 ಅಡಿ ಗುರಿಯ ಸ್ಪರ್ಧೆಯಾಗಿತ್ತು. ಈಗ ಕೇಂದ್ರ ಸರ್ಕಾರದ ಇನ್-ಸ್ಪೇಸ್ ಸಂಸ್ಥೆ ಕೂಡ ವಿದ್ಯಾರ್ಥಿಗಳಿಗೆ ಮಾದರಿ ರಾಕೆಟ್ ಸ್ಪರ್ಧೆ ನಡೆಸುತ್ತಿದೆ. ನಮ್ಮ ಹುಡುಗರಿಗೆ ಕ್ಲಬ್ ಮಟ್ಟದಲ್ಲೂ ಹೀಗೆ ಕಾನೂನುಬದ್ಧವಾಗಿ ಹಾರಿಸೋ ಮೈದಾನ ಸಿಗಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಇಸ್ರೊ ಇರೋ ನಾಡು ನಮ್ಮದು.

ಮಲೆನಾಡಿಗ
ತಿಳೀತು ಸರ್. ಮೋಟರ್ ಮಾತು ಬಿಟ್ಟೆ. ತಮ್ಮ ಪಿಯುಸಿ, ಕಾಲೇಜು ತಂಡದ ವಿಷಯ ಅವನಿಗೆ ಹೇಳ್ತೇನೆ.

ಕಾವೇರಿತೀರ_ಫ್ರೀಮಾಂಟ್
ಜೆಫೈರ್ ಬಂತು! ಮಗಳೇ ಡಬ್ಬ ಬಿಚ್ಚಿ ಎಲ್ಲ ಜೋಡಿಸಿಟ್ಟಿದ್ದಾಳೆ. ಅಂಟು ಯಾವುದು? 5 ನಿಮಿಷದ ಎಪಾಕ್ಸಿ ಮನೇಲಿದೆ.

ಧಾರವಾಡ_ಡಲ್ಲಾಸ್
5 ನಿಮಿಷದ್ದು ಸಣ್ಣಪುಟ್ಟ ಕೆಲಸಕ್ಕ ಇಟ್ಕೊಳ್ರಿ. ಫಿನ್, ಮೋಟರ್ ಮೌಂಟಿಗೆ 30 ನಿಮಿಷದ್ದು ತಗೊಳ್ರಿ, ಸಾವಕಾಶ ಹರದು ಒಳಗ ಹಿಡೀತದ. ಟ್ಯೂಬಿನ ಹೊಳಪು ಕಾಗದ ಉಪ್ಪುಕಾಗದಲೆ ಉಜ್ಜಿ ತಗೀರಿ, ಇಲ್ಲಂದ್ರ ಅಂಟು ಮ್ಯಾಲಿನ ಪದರಕ್ಕಷ್ಟ ಹಿಡೀತದ, ಒಳಗಿನ ರಟ್ಟಿಗೆ ಹತ್ತೂದಿಲ್ಲ. ಫಿನ್ ಟ್ಯೂಬಿನ ಗೋಡೆ ದಾಟಿ ಮೋಟರ್ ಟ್ಯೂಬಿಗೆ ಮುಟ್ಟತದ. ಅಲ್ಲಿ ಒಳಗಿನ ಮೂಲಿಗೂ ಎಪಾಕ್ಸಿ ಹಾಕ್ರಿ, ಹೊರಗಿನ ಮೂಲಿಗೂ ಹಾಕ್ರಿ. ಕೈಗೆ ಗ್ಲೌಸು, ಕಿಟಕಿ ತೆರದಿಡ್ರಿ.

ರೈಲ್‌ಬಟನ್_ರೀನೋ
ರೈಲ್‌ನಲ್ಲಿ ಜಾರೋ ಗುಂಡಿ (ರೈಲ್ ಬಟನ್) ಒಂದು ತಳದ ಹತ್ತಿರ, ಇನ್ನೊಂದು ತೂಕದ ಕೇಂದ್ರದ ಹತ್ತಿರ. ಎರಡೂ ಒಂದೇ ಗೆರೆಯಲ್ಲಿರಲಿ. ಇದರಲ್ಲಿ ಸ್ವಲ್ಪ ಸೊಟ್ಟ ಆದರೂ ರೈಲ್‌ನಲ್ಲಿ ಸಿಕ್ಕಿಕೊಳ್ಳುತ್ತೆ.

ಸುಳ್ಯದವಳು
ಪ್ಯಾರಾಚೂಟ್ ಕಡೆಗೂ ಗಮನ ಇರಲಿ. ಎಲ್ಲರೂ ಫಿನ್ನಿಗೆ ಬಣ್ಣ ಹೊಡೆಯುವುದರಲ್ಲಿ ವಾರಗಟ್ಟಲೆ ಕಳೆಯುತ್ತಾರೆ, ಪ್ಯಾರಾಚೂಟ್ ಮಡಚುವುದು ಮಾತ್ರ ಪ್ಯಾಡಿಗೆ ಹೋಗುವ ಐದು ನಿಮಿಷ ಮೊದಲು. ನಾನು ನೋಡಿದ ಹೆಚ್ಚಿನ ಸೋಲುಗಳೆಲ್ಲ ಅಲ್ಲಿಯೇ. ಬಿಸಿ ಅನಿಲ ತಾಗದ ಹಾಗೆ ನೋಮೆಕ್ಸ್ ಬಟ್ಟೆ ಸುತ್ತಿ. ಮಡಚಿದ್ದು ಟ್ಯೂಬಿನಿಂದ ಬಾಯಲ್ಲಿ ಊದಿದರೆ ಹೊರಬರುವಷ್ಟು ಸಡಿಲ ಇರಬೇಕು. ನೋಸ್ ಕೋನ್ (ಮೂಗಿನ ಭಾಗ) ಹಿಡಿದು ರಾಕೆಟ್ ಎತ್ತಿ: ಸುಮ್ಮನೆ ಎತ್ತಿದರೆ ಬೀಳಬಾರದು, ಸ್ವಲ್ಪ ಕುಲುಕಿದರೆ ಜಾರಬೇಕು. ಬಿಗಿ ಇದ್ದರೆ ಉಜ್ಜಿ, ಸಡಿಲ ಇದ್ದರೆ ಮಾಸ್ಕಿಂಗ್ ಟೇಪ್ ಸುತ್ತಿ. ಮಗಳ ಕೈಯಲ್ಲಿ ಇದನ್ನೆಲ್ಲ ಮನೆಯಲ್ಲೇ ಮತ್ತೆ ಮತ್ತೆ ಮಾಡಿಸಿ, ಕೈಗೆ ಅಭ್ಯಾಸ ಆಗಲಿ.

ಮ್ಯಾಕ್1_ಹುಡುಗ
ಇದನ್ನ ನೂರಕ್ಕೆ ನೂರು ಒಪ್ತೀನಿ. ಮೋಟರ್ ರಿಟೇನರ್ ತಿರುಗಿಸಿ ಬಿಗಿ ಮಾಡೋದೂ ಮರೀಬೇಡಿ. ಅದಿಲ್ಲದಿದ್ದರೆ ಎಜೆಕ್ಷನ್ ಮದ್ದು ಪ್ಯಾರಾಚೂಟ್ ಬದಲು ಮೋಟರನ್ನೇ ಹಿಂದಕ್ಕೆ ಉಗುಳುತ್ತೆ.

ಹೊಸಬ_ಆಸ್ಟಿನ್
ಕಿಡಿ ಹಾರಿಸೋ ಮೋಟರ್ ಇವೆಯಲ್ಲ, ನೋಡೋಕೆ ಚೆಂದ. ಅದನ್ನ ಹಾಕಬಾರದಾ?

ರೈಲ್‌ಬಟನ್_ರೀನೋ
ಒಣಹುಲ್ಲಿನ ಮೈದಾನದಲ್ಲಿ ಬೇಡವೇ ಬೇಡ. ಟೈಟಾನಿಯಂ ಕಿಡಿಗಳು ನೆಲ ಮುಟ್ಟುವಾಗಲೂ ಕೆಂಪಗೇ ಇರುತ್ತವೆ. ಕ್ಯಾಲಿಫೋರ್ನಿಯಾದಲ್ಲಂತೂ ಹಾರಿಸೋ ಹಾಗಿಲ್ಲ. ಒಂದು ಬೆಂಕಿ ಬಿದ್ದರೆ ಜಮೀನಿನವರು ಮತ್ತೆ ಬರಬೇಡಿ ಅಂತಾರೆ, ಎಲ್ಲರ ಮೈದಾನ ಹೋಗುತ್ತೆ.

ಕಾವೇರಿತೀರ_ಫ್ರೀಮಾಂಟ್
ಶನಿವಾರ ಹಾರಿಸಿದೆವು. ಎಚ್135, ಡಿಲೇ 8ಕ್ಕೆ ಕೊರೆದು. ಸುರಕ್ಷತಾ ಅಧಿಕಾರಿ ಫಿನ್ ಅಲ್ಲಾಡಿಸಿ, ನೋಸ್ ಕೋನ್ ಎಳೆದು, ತೂಕ ಕೇಳಿ, ಓಪನ್‌ರಾಕೆಟ್ ಚಿತ್ರ ನೋಡಿ ಒಪ್ಪಿಗೆ ಕೊಟ್ಟರು. ಇಗ್ನೈಟರ್ ಪ್ಯಾಡ್ ಮೇಲೆ ರಾಕೆಟ್ ನೆಟ್ಟಗೆ ನಿಲ್ಲಿಸಿದ ಮೇಲೇ ಹಾಕಿದ್ದು. 100 ಅಡಿ ಹಿಂದೆ ನಿಂತರೂ ಆ ಸದ್ದು ಎದೆಗೆ ತಾಗುತ್ತೆ. ತುದಿಯಲ್ಲಿ ನಿಧಾನಕ್ಕೆ ವಾಲಿತು, ವಾಲುತ್ತಿದ್ದ ಹಾಗೇ ಪ್ಯಾರಾಚೂಟ್ ಬಿಚ್ಚಿತು. ಆಲ್ಟಿಮೀಟರ್ 1,380 ಅಡಿ ಅಂತು. ಗುಡ್ಡದ ಈಚೆಗೇ ಇಳೀತು, ಒಂದು ಫಿನ್ನಿಗೆ ಹಸಿ ಹುಲ್ಲಿನ ಕಲೆ ಬಿಟ್ಟರೆ ಏನೂ ಆಗಿಲ್ಲ. ಅಲ್ಲೇ ಸಹಿ ಆಯಿತು. ಸುಳ್ಯದ ಮೇಡಂ, ನಿಮ್ಮ ಲೆಕ್ಕಕ್ಕೆ ನಮಸ್ಕಾರ.

ಈಗ ಮಗಳ ಸರದಿ. ಅವಳಿಗೆ 18 ಆಗೋವರೆಗೆ ಕಾಯಬೇಕಾ?

ಸುಳ್ಯದವಳು
ಅಭಿನಂದನೆಗಳು! ಕಾಯುವುದು ಬೇಡ. 14ರಿಂದ 17 ವರ್ಷದವರಿಗೆ ಎನ್‌ಎಆರ್‌ನಲ್ಲಿ ಜೂನಿಯರ್ ಲೆವೆಲ್ 1 ಉಂಟು. ಟ್ರಿಪೊಲಿ ಎನ್ನುವ ಇನ್ನೊಂದು ರಾಕೆಟ್ ಸಂಘದಲ್ಲೂ ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ಹಾರಿಸುವ ಏರ್ಪಾಡು ಉಂಟು. ಮೋಟರ್ ಮಾತ್ರ ಪ್ರಮಾಣಪತ್ರ ಇರುವ ದೊಡ್ಡವರ ವಶದಲ್ಲಿರಬೇಕು, ಅದಕ್ಕೆ ಈಗ ನೀವಿದ್ದೀರಿ. ಆದರೆ ರಾಕೆಟ್ ಅವಳೇ ಕಟ್ಟಬೇಕು, ನೀವು ಕಟ್ಟಿದ್ದನ್ನು ಅವಳ ಕೈಗೆ ಕೊಡುವ ಹಾಗಿಲ್ಲ.

ಕಾವೇರಿತೀರ_ಫ್ರೀಮಾಂಟ್
ಅವಳು ಲಾಕ್-4 ಕೇಳ್ತಿದಾಳೆ. ಅದಕ್ಕೆ ಐ ಮೋಟರೇ ಹಾಕಬೇಕಂತೆ ಅವಳಿಗೆ.

ರೈಲ್‌ಬಟನ್_ರೀನೋ
ಲಾಕ್-4 ಕೊಡಿಸಿ. ಮೊದಲು ಎಚ್‌ನಲ್ಲೇ ಪ್ರಮಾಣಪತ್ರ ಆಗಲಿ, ಅದೇ ದಿನ ಮಧ್ಯಾಹ್ನ ಗಾಳಿ ಕಡಿಮೆ ಇದ್ದರೆ ಐ ಹಾಕಲಿ.

ಮ್ಯಾಕ್1_ಹುಡುಗ
ಮಧ್ಯಾಹ್ನ ಗಾಳಿ ಏಳೋದೇ ಜಾಸ್ತಿ ಸರ್. ಬೆಳಿಗ್ಗೆ ಮೊದಲ ಸಾಲಿನಲ್ಲೇ ಎಚ್ ಮುಗಿಸಿ, ಹತ್ತು ಗಂಟೆ ಒಳಗೆ ಐ. ಅದಕ್ಕೆ ಚೂಟ್ ರಿಲೀಸ್ ಹಾಕಿ 500 ಅಡಿಗೆ ಬಿಚ್ಚೋ ಹಾಗೆ ಇಡಿ. ನನ್ನ ಹತ್ತಿರ ಒಂದಿದೆ, ಬರುವಾಗ ತರ್ತೀನಿ.